ಹಿತ್ತಿಲ ಹಳಿಯ ಲಾರಿಗೆ ಕಿಟ್ ಬೇಡ, ಅಳತೆ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಾದರಿ ರೈಲುಗಳ ಹವ್ಯಾಸದ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಚೆನ್ನಾಗಿದ್ದವು, ಬರಹವೂ ಲವಲವಿಕೆಯಿಂದ ಕೂಡಿತ್ತು. ಆದರೆ ಹೊರದೇಶದಿಂದ ತರಿಸಿದ ಎಂಜಿನ್ನು, ಬೋಗಿಗಳಿಲ್ಲದೆ ಮನೆಯಂಗಳದಲ್ಲಿ ರೈಲು ಓಡಿಸುವುದು ಸಾಧ್ಯವಿಲ್ಲ, ಆದ್ದರಿಂದ ಇದು ಉಳ್ಳವರಿಗೆ ಮಾತ್ರ ದಕ್ಕುವ ಹವ್ಯಾಸ ಎಂಬ ಅದರ ತೀರ್ಮಾನವನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಸಾಗರದ ನಮ್ಮ ಮನೆಯ ಹಿತ್ತಿಲಿನಲ್ಲಿ ಓಡಾಡುತ್ತಿರುವ ಒಂದು ಪುಟ್ಟ ರೈಲ್ ಲಾರಿಯನ್ನು ಜೋಡಿಸಲು ಸಿದ್ಧವಾದ ಬಿಡಿಭಾಗಗಳ ಯಾವ ಕಿಟ್ಟಿನ ಹಂಗೂ ಇಲ್ಲದೆ ಕಟ್ಟಿದವನಾಗಿ ನಾನು ಹೇಳಬಹುದಾದದ್ದು ಇಷ್ಟು: ನಮ್ಮ ಊರುಗಳಲ್ಲಿ ಸಾಮಾನಿಗೆ ಕೊರತೆಯಿಲ್ಲ, ಕೆಲಸ ಬಲ್ಲ ಕೈಗಳಿಗೂ ಕೊರತೆಯಿಲ್ಲ; ಕೊರತೆ ಇರುವುದು ನಮ್ಮದೇ ಹಳೆಯ ರೈಲು ವಾಹನಗಳ ಸರಿಯಾದ ಅಳತೆಗಳಿಗೆ.

ರೈಲ್ ಲಾರಿ ಎಂದರೆ ರಸ್ತೆಯ ಮೋಟಾರು ಗಾಡಿಯ ಮುಖ, ಎಂಜಿನ್ನುಗಳನ್ನು ಇಟ್ಟುಕೊಂಡು, ರಬ್ಬರ್ ಟೈರುಗಳ ಜಾಗದಲ್ಲಿ ಕಬ್ಬಿಣದ ಗಾಲಿ ತೊಡಿಸಿ ಹಳಿಯ ಮೇಲೆ ಬಿಟ್ಟ ವಾಹನ. ಇಂಥವಕ್ಕೆ ಜಗತ್ತಿನಲ್ಲೆಲ್ಲ ಹೆಸರಾದದ್ದು ಅಮೆರಿಕದ ಕೊಲರಾಡೊ ರಾಜ್ಯದ ರಿಯೊ ಗ್ರ್ಯಾಂಡ್ ಸದರ್ನ್ ಎಂಬ ಮೂರಡಿ ಗೇಜಿನ, ಅಂದರೆ ಎರಡು ಹಳಿಗಳ ನಡುವೆ ಮೂರಡಿ ಅಂತರವಿರುವ, ಬೆಟ್ಟದ ರೈಲುಮಾರ್ಗ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನಾಲ್ಕಾರು ಪ್ರಯಾಣಿಕರಿಗೂ ಅಂಚೆ ಚೀಲಗಳಿಗೂ ಉಗಿಬಂಡಿ ಓಡಿಸುವುದು ಅದಕ್ಕೆ ಭಾರವಾಗಿತ್ತು. ಓಡಿಸದಿದ್ದರೆ ಅಂಚೆಯ ಗುತ್ತಿಗೆ ಕೈತಪ್ಪುತ್ತಿತ್ತು. ಆಗ ರಿಜ್‌ವೇ ಎಂಬಲ್ಲಿನ ತನ್ನ ಕಾರ್ಯಾಗಾರದಲ್ಲೇ 1931ರಲ್ಲಿ ಬ್ಯೂಯಿಕ್ ಕಾರೊಂದನ್ನು ಹಳಿಗೆ ಹೊಂದಿಸಿ, ಹಿಂದೆ ಸಾಮಾನಿನ ತೊಟ್ಟಿ ಕೂರಿಸಿದರು. ಮುಂದೆ ಪಿಯರ್ಸ್-ಆ್ಯರೋ ಕಾರುಗಳ ದೇಹವನ್ನೂ ಬಳಸಿ ಒಟ್ಟು ಏಳು ಗಾಡಿಗಳನ್ನು ತಮ್ಮ ಮಾರ್ಗಕ್ಕೆ ಕಟ್ಟಿಕೊಂಡರು. ಓಲಾಡುತ್ತ ಸಾಗುವ ಅವುಗಳ ನಡಿಗೆಯನ್ನು ಕಂಡ ಜನ 'ಗ್ಯಾಲಪಿಂಗ್ ಗೂಸ್' ಎಂದು ಕರೆದರು. ಆ ಮಾರ್ಗ ಮುಚ್ಚಿ ಎಪ್ಪತ್ತು ವರ್ಷ ದಾಟಿದೆ. ಗಾಡಿಗಳಲ್ಲಿ ಮೂರು ಗೋಲ್ಡನ್ ಎಂಬ ಊರಿನ ಕೊಲರಾಡೊ ರೈಲ್‌ರೋಡ್ ಮ್ಯೂಸಿಯಮ್ಮಿನಲ್ಲಿವೆ. ಕಾರ್ಖಾನೆಯಿಂದ ಕೊಳ್ಳಲು ಹಣವಿಲ್ಲದೆ, ಇದ್ದುದರಲ್ಲೇ ಹೊಂದಿಸಿ ಕಟ್ಟಿದ ಇಂಥ ಗಾಡಿಯ ಮಾದರಿಯನ್ನು ದುಬಾರಿ ಕಿಟ್ಟಿನಿಂದಲೇ ಮಾಡಬೇಕೆನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನಮ್ಮಲ್ಲೂ ಈ ವಂಶದ ಗಾಡಿಗಳು ಇಲ್ಲದಿಲ್ಲ. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳಿಯ ಮೇಲೆ ಓಡುವಂತೆ ಮಾಡಿದ ಆಸ್ಟಿನ್ ಕಾರೊಂದು ಇದೆ. ಮಕ್ಕಳು ಉಗಿ ಎಂಜಿನ್ನಿನ ಕಡೆ ಓಡುವಾಗ ನನ್ನಂಥವರು ಅದರ ಮುಂದೆ ನಿಂತುಬಿಡುತ್ತೇವೆ. ಇನ್ನು ಶಿವಮೊಗ್ಗ–ತಾಳಗುಪ್ಪ ಮಾರ್ಗ ಬ್ರಾಡ್‌ಗೇಜ್ ಆಗುವ ಮೊದಲು ಮೀಟರ್ ಗೇಜಿನ ಮೇಲೆ ಓಡುತ್ತಿದ್ದ ರೈಲ್‌ಬಸ್ಸನ್ನು ಈ ಭಾಗದ ನಡುವಯಸ್ಸಿನವರೆಲ್ಲ ಬಲ್ಲರು. ಅದು ಲಾರಿಯಲ್ಲ, ಬಸ್ಸಿನ ಜಾತಿ. ಆದರೆ ಕಡಿಮೆ ಜನರ ಮಾರ್ಗಕ್ಕೆ ಕಡಿಮೆ ಖರ್ಚಿನ ಗಾಡಿ ಎಂಬ ಲೆಕ್ಕಾಚಾರ ಕೊಲರಾಡೊದಲ್ಲಿ ಇದ್ದದ್ದೇ ಇಲ್ಲಿಯೂ ಇತ್ತು. ನಾನು ಕಟ್ಟಿದ್ದು ಇವುಗಳಲ್ಲಿ ಯಾವುದರ ಪಡಿಯಚ್ಚೂ ಅಲ್ಲ. ಹಳೆಯ ಕಾರಿನ ಮುಖವೂ ಹಿಂದೆ ಅಡಿಕೆ ಮೂಟೆ ಹೇರುವ ತೆರೆದ ತೊಟ್ಟಿಯೂ ಇರುವ, ನಮ್ಮ ಮಾರ್ಗದಲ್ಲಿ ಓಡಿದ್ದಿದ್ದರೆ ಹೀಗಿರಬಹುದಿತ್ತು ಎನ್ನಬಹುದಾದ ಕಲ್ಪನೆಯ ಗಾಡಿ. ಅಳತೆ ಸಿಕ್ಕಿದ್ದರೆ ಆಸ್ಟಿನ್ನನ್ನೇ ಮಾಡುತ್ತಿದ್ದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ತೋಟದ ರೈಲಿಗೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು 45 ಮಿ.ಮೀ. ಅಗಲದ ಹಳಿ. ನ್ಯೂರೆಂಬರ್ಗಿನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನಲ್ಲಿ ಹೊರತಂದ ರೈಲುಗಳು ಈ ಹಳಿಯನ್ನು ಮನೆಮಾತಾಗಿಸಿದವು. ಆ ಕಂಪನಿ ಆರಿಸಿಕೊಂಡ ಪ್ರಮಾಣ ಇಪ್ಪತ್ತೆರಡೂವರೆಗೆ ಒಂದು, ಅಂದರೆ ನಿಜದ 22.5 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ.; ಮೀಟರ್ ಗೇಜಿನ 1000 ಮಿ.ಮೀ.ಯನ್ನು 22.5ರಿಂದ ಭಾಗಿಸಿದರೆ 44.4 ಬರುತ್ತದೆ. ಅಂದರೆ ಈ ಹಳಿ ಯುರೋಪಿನ ಬೆಟ್ಟದ ಮಾರ್ಗಗಳಿಗೆಂದು ಲೆಕ್ಕ ಹಾಕಿದ್ದಾದರೂ ನಮ್ಮ ಮೀಟರ್ ಗೇಜಿಗೆ ಅಳೆದು ಹೊಲಿದಂತಿದೆ. ಅಮೆರಿಕದ ಮೂರಡಿ ಗೇಜಿನವರು ಇದೇ ಹಳಿಯ ಮೇಲೆ 1:20.3ರ ಪ್ರಮಾಣ ಬಳಸುತ್ತಾರೆ. ಬಂಗಾರಪೇಟೆ–ಕೋಲಾರದ ಎರಡೂವರೆ ಅಡಿ ಗೇಜಿನ ಗಾಡಿ ಬೇಕೆಂದರೆ 1:17ರ ಹತ್ತಿರ ಹಿಡಿದರೆ ಆಯಿತು. ಪುರವಣಿಯ ಲೇಖನದಲ್ಲಿ ಹೇಳಿದ 16.5 ಮಿ.ಮೀ. ಹಳಿಯ ಪುಟ್ಟ ರೈಲು ಮನೆಯೊಳಗೆ ಚೆಂದ. ಹಿತ್ತಿಲಿಗೆ ತಂದರೆ ಒಂದು ಮಾವಿನೆಲೆಯ ತೊಟ್ಟು ಸಾಕು, ಇಡೀ ರೈಲು ಮಗುಚಿಕೊಳ್ಳುತ್ತದೆ.

ಪ್ರಮಾಣ ಗೊತ್ತಾದ ಮೇಲೆ ಉಳಿದ ಲೆಕ್ಕಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ನಮ್ಮ ಮೀಟರ್ ಗೇಜ್ ಬೋಗಿಗಳ ಗಾಲಿಯ ವ್ಯಾಸ 725 ಮಿ.ಮೀ. ಇತ್ತು, ಮಾದರಿಯಲ್ಲಿ ಅದು 32 ಮಿ.ಮೀ. ಆಗುತ್ತದೆ. ಅಂಥ ಗಾಲಿ ಒಂದು ಸುತ್ತಿಗೆ ಸುಮಾರು 100 ಮಿ.ಮೀ. ಮುಂದೆ ಹೋಗುವುದರಿಂದ, ನಿಮಿಷಕ್ಕೆ 200 ಸುತ್ತು ತಿರುಗುವ ಗೇರ್ ಮೋಟಾರನ್ನು ಸಮ ಹಲ್ಲುಗಳಿರುವ ಎರಡು ಹಲ್ಲುಗಾಲಿಗಳಿಂದ ಅಚ್ಚಿಗೆ ಜೋಡಿಸಿದರೆ ಗಾಡಿ ನಿಜದ ಲೆಕ್ಕದಲ್ಲಿ ಗಂಟೆಗೆ 27 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಡಿಕೆ ಹೇರಿಕೊಂಡ ಹಳೆಯ ಲಾರಿಗೆ ಇದಕ್ಕಿಂತ ಹೆಚ್ಚು ವೇಗ ಕೊಟ್ಟರೆ ಆಟಿಕೆಯಂತೆ ಕಾಣುತ್ತದೆ. ತೂಕದ ವಿಚಾರದಲ್ಲಿ 22.5ರಿಂದ ಮೂರು ಬಾರಿ ಭಾಗಿಸಬೇಕು: ಹತ್ತು ಟನ್ ತೂಗುವ ಗಾಡಿ ಈ ಪ್ರಮಾಣದಲ್ಲಿ 900 ಗ್ರಾಮಿಗೂ ಸ್ವಲ್ಪ ಕಡಿಮೆ ತೂಗುತ್ತದೆ. ತಗಡು, ಮರ, ಬ್ಯಾಟರಿ ಎಲ್ಲ ಸೇರಿ ನನ್ನ ಗಾಡಿ ಹೆಚ್ಚುಕಡಿಮೆ ಅಷ್ಟೇ ಬಂದಿದ್ದು ಆಕಸ್ಮಿಕವಾದರೂ ಸಂತೋಷದ ಸಂಗತಿ.

ಇಲ್ಲಿ ಹೇಳಿದ ಗೇರ್ ಮೋಟಾರು ಎನ್20 ಎಂಬ ಹೆಸರಿನದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪುಟ್ಟ ರೋಬಾಟುಗಳಿಗೆ ಬಳಸುವ ಇದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅಂಚೆಯಲ್ಲೂ ಬರುತ್ತದೆ. ಹೊರಚಾಚಿದ ದಂಡವೂ ಸೇರಿ 35 ಮಿ.ಮೀ. ಒಳಗಿನ ಉದ್ದದ್ದಾದ್ದರಿಂದ ಎರಡು ಗಾಲಿಗಳ ನಡುವೆ ಅಡ್ಡಲಾಗಿ ಮಲಗಿಸಿಬಿಡಬಹುದು. ಹೊರಗೆ ಕಾಣುವುದೇ ಇಲ್ಲ. ಹಳಿಯಲ್ಲಿ ವಿದ್ಯುತ್ ಹರಿಸಿ ಓಡಿಸುವ ಪದ್ಧತಿಯನ್ನು ಮಲೆನಾಡಿನಲ್ಲಿ ನಾನು ಶಿಫಾರಸು ಮಾಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳಿಯ ಮೇಲೆ ಹಾವಸೆ ಕೂರುತ್ತದೆ, ಉಳಿದ ತಿಂಗಳಲ್ಲಿ ಕೆಮ್ಮಣ್ಣು. ಹಳಿ ಒರೆಸುವುದೇ ಹವ್ಯಾಸವಾಗಿಬಿಡುತ್ತದೆ. ಗಾಡಿಯಲ್ಲೇ ಎರಡು ಲಿಥಿಯಂ ಸೆಲ್ಲುಗಳನ್ನಿಟ್ಟು ಆಟಿಕೆ ಕಾರುಗಳ ರೇಡಿಯೊ ನಿಯಂತ್ರಕ ಜೋಡಿಸುವುದು ಲೇಸು. ಹಾಗೆ ಮಾಡಿದರೆ ಎಡಬಲದ ಗಾಲಿಗಳ ನಡುವೆ ವಿದ್ಯುತ್ ತಡೆಯುವ ತಾಪತ್ರಯವೂ ತಪ್ಪಿ, ಉಕ್ಕಿನ ಅಚ್ಚಿಗೆ ಉಕ್ಕಿನ ಗಾಲಿಯನ್ನೇ ಬಿಗಿಯಾಗಿ ಕೂರಿಸಬಹುದು. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಸೆಲ್ಲು ತೆಗೆಯುವ ಮಿತವ್ಯಯ ಮಾತ್ರ ಬೇಡ. ರಕ್ಷಣಾ ಸರ್ಕ್ಯೂಟ್ ಇರುವ ಹೊಸದನ್ನೇ ಕೊಳ್ಳಬೇಕು.

ಗಾಲಿಗಳ ವಿಷಯ ಬಂದಾಗಲೇ ಬಹಳ ಜನ ಆಮದಿನ ಕಡೆ ತಿರುಗುವುದು. ಅದರ ಅಗತ್ಯವಿಲ್ಲ. ಪಂಪ್‌ಸೆಟ್ಟಿನ ಶಾಫ್ಟ್ ತಿರುವಿ ಕೊಡುವ ಲೇತ್ ಅಂಗಡಿ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇದೆ. ಕಾಗದದ ಮೇಲೆ ಗಾಲಿಯ ಅಡ್ಡಕೊಯ್ತವನ್ನು ಹತ್ತು ಪಟ್ಟು ದೊಡ್ಡದಾಗಿ ಬರೆದು ಒಯ್ದರೆ ಅರ್ಥವಾಗದ ಲೇತ್ ಕೆಲಸಗಾರರಿಲ್ಲ. ನಮ್ಮೂರಿನವರು ನಕ್ಷೆ ನೋಡಿ, "ಇಷ್ಟು ಸಣ್ಣ ಗಾಲಿಗೂ ಟೇಪರ್ ಬೇಕಾ ಮಾರಾಯ್ರೇ?" ಎಂದು ನಕ್ಕರೂ ಇಪ್ಪತ್ತಕ್ಕೆ ಒಂದರ ಓರೆಯನ್ನು ಕರಾರುವಾಕ್ಕಾಗಿ ಕೊಟ್ಟರು. ನಿಜದ ರೈಲಿನ ಗಾಲಿಗೂ ಇದೇ ಓರೆ. ಗಾಡಿ ಒಂದು ಬದಿಗೆ ಸರಿದಾಗ ಆ ಬದಿಯ ಗಾಲಿ ತನ್ನ ದಪ್ಪ ಭಾಗದ ಮೇಲೂ ಇನ್ನೊಂದು ಬದಿಯದು ತೆಳು ಭಾಗದ ಮೇಲೂ ಉರುಳುವುದರಿಂದ ಜೋಡಿ ತಾನಾಗಿಯೇ ನಡುವಿಗೆ ಮರಳುತ್ತದೆ. ತೋಟದ ರೈಲಿನ ತಿರುವುಗಳಲ್ಲಿ ಮಾತ್ರ ಈ ಉಪಾಯ ಪೂರ್ತಿ ಸಾಲದು: 1200 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಓರೆಯೊಂದರಿಂದಲೇ ತಿರುಗಬೇಕೆಂದರೆ ಗಾಲಿಜೋಡಿ ಆರು ಮಿಲಿಮೀಟರಿನಷ್ಟು ಹೊರಕ್ಕೆ ಸರಿಯಬೇಕಾಗುತ್ತದೆ, ಆದರೆ ಹಳಿಯಲ್ಲಿ ಅಷ್ಟು ಸಡಿಲವೇ ಇರುವುದಿಲ್ಲ. ಆದ್ದರಿಂದ ತಿರುವಿನಲ್ಲಿ ಗಾಡಿಯನ್ನು ಹಿಡಿದುಕೊಳ್ಳುವುದು ಗಾಲಿಯ ಫ್ಲ್ಯಾಂಜೇ, ಅಂದರೆ ಹಳಿಯ ಒಳಬದಿಗೆ ಇಳಿದು ನಿಲ್ಲುವ ಅದರ ಎತ್ತರಿಸಿದ ಅಂಚೇ. ಫ್ಲ್ಯಾಂಜಿನ ಬುಡವನ್ನು ಚೌಕವಾಗಿ ಬಿಡದೆ ಸಣ್ಣ ದುಂಡು ಕೊಡಿಸಬೇಕು, ಎರಡು ಗಾಲಿಗಳ ಬೆನ್ನುಗಳ ನಡುವೆ ಸುಮಾರು 40 ಮಿ.ಮೀ. ಕಾಯ್ದುಕೊಳ್ಳಬೇಕು. ಈ ಎರಡನ್ನು ಪಟ್ಟು ಹಿಡಿದು ಮಾಡಿಸಿದರೆ ಹಳಿ ತಪ್ಪುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರವನ್ನು ತಿರುವು ನೋಡಿಯೇ ನಿರ್ಧರಿಸಬೇಕು. ನಿಜದ 3.6 ಮೀಟರ್ ಮಾದರಿಯಲ್ಲಿ 160 ಮಿ.ಮೀ. ಆಗುತ್ತದೆ. ಮಾರುಕಟ್ಟೆಯ ಅತಿ ಬಿಗಿಯಾದ 600 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಇಷ್ಟು ಉದ್ದದ ಗಾಡಿಯ ನಡುಭಾಗ ಹಳಿಯ ನಡುಗೆರೆಯಿಂದ ಐದು ಮಿ.ಮೀ.ಗೂ ಹೆಚ್ಚು ಒಳಕ್ಕೆ ಹೋಗುತ್ತದೆ, ಗಾಲಿಗಳು ಹಳಿಯನ್ನು ಓರೆಯಾಗಿ ಉಜ್ಜುತ್ತ ಕಿರುಗುಟ್ಟುತ್ತವೆ. ತ್ರಿಜ್ಯವನ್ನು ಇಮ್ಮಡಿ ಮಾಡಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಹಿತ್ತಿಲಿನಲ್ಲಿ ಜಾಗವಿದ್ದವರು ಬಿಗಿ ತಿರುವಿನ ಆಸೆ ಬಿಡುವುದು ಒಳ್ಳೆಯದು.

ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದಿಲ್ಲ. ನಾಲ್ಕು ಗಾಲಿಯನ್ನು ಒಂದೇ ಗಟ್ಟಿ ಚೌಕಟ್ಟಿಗೆ ಬಿಗಿದರೆ, ಮಳೆಗಾಲದಲ್ಲಿ ಒಂದು ಕಡೆ ಕುಸಿದ ಹಳಿಯ ಮೇಲೆ ಯಾವುದೋ ಒಂದು ಗಾಲಿ ಗಾಳಿಯಲ್ಲಿ ತೇಲುತ್ತದೆ. ಅದು ಮುಂದಿನ ಗಾಲಿಯಾದರೆ ಮರುಕ್ಷಣ ಗಾಡಿ ಹಳಿಯ ಕೆಳಗೆ. ಇದಕ್ಕೆ ಸ್ಪ್ರಿಂಗ್ ಹುಡುಕಿಕೊಂಡು ಹೋಗಬೇಕಿಲ್ಲ. ಹಿಂದಿನ ಅಚ್ಚನ್ನು ಚಾಸಿಗೆ ಭದ್ರಪಡಿಸಿ, ಮುಂದಿನ ಅಚ್ಚಿನ ಬೇರಿಂಗುಗಳನ್ನು ಒಂದು ಹಿತ್ತಾಳೆ ಪಟ್ಟಿಯ ಎರಡು ತುದಿಗೆ ಕೂರಿಸಿ, ಆ ಪಟ್ಟಿಯನ್ನು ನಟ್ಟನಡುವೆ ಒಂದೇ ಮೊಳೆಯ ಮೇಲೆ ಎಡಬಲಕ್ಕೆ ತೂಗುವಂತೆ ಬಿಟ್ಟರೆ ಸಾಕು. ಮೂರು ಕಾಲಿನ ಮಣೆ ಎಂಥ ಓರೆಕೋರೆ ನೆಲದ ಮೇಲೂ ಕುಂಟದೆ ನಿಲ್ಲುವಂತೆ ಗಾಡಿಯೂ ನಿಲ್ಲುತ್ತದೆ. ಮೋಟಾರು ಹಿಂದಿನ ಅಚ್ಚಿಗೇ ಇರಲಿ, ಬ್ಯಾಟರಿಯೂ ಅದರ ಮೇಲೆಯೇ ಬರಲಿ. ನನ್ನ ಗಾಡಿಯ ತೊಟ್ಟಿಯಲ್ಲಿರುವ ಮೂಟೆಗಳು ಹಳೆಯ ಪಂಚೆಯ ಬಟ್ಟೆಯಲ್ಲಿ ಹೊಲಿದು ಮರಳು ತುಂಬಿದವು. ಕೆಳಗಿರುವ ಸೆಲ್ಲುಗಳನ್ನು ಮರೆಮಾಡುವುದರ ಜೊತೆಗೆ ಗಾಲಿ ಜಾರದಂತೆ ಭಾರವನ್ನೂ ಕೊಡುತ್ತವೆ. ಮರಳಿನ ಬದಲು ರಾಗಿ ತುಂಬಿದರೆ ಇರುವೆಗಳಿಗೆ ಹಬ್ಬವಾಗುತ್ತದೆ ಎಂದು ಮನೆಯವರು ಮೊದಲೇ ಎಚ್ಚರಿಸಿದ್ದರು.

ದೇಹಕ್ಕೆ ಬಳಸಿದ್ದು ಖಾಲಿ ಎಣ್ಣೆ ಡಬ್ಬದ ತಗಡು. ಕತ್ತರಿಸುವುದು ಸುಲಭ, ಬೆಸುಗೆ ಚೆನ್ನಾಗಿ ಹಿಡಿಯುತ್ತದೆ, ದುಂಡಗಿನ ಮರದ ಕೋಲಿನ ಮೇಲೆ ಒತ್ತಿ ಸುತ್ತಿದರೆ ಬಾನೆಟ್ಟಿನ ಹೆಗಲು ತಾನಾಗಿ ಮೂಡುತ್ತದೆ. ಬಾನೆಟ್ಟಿನ ಪಕ್ಕದಲ್ಲಿ ಗಾಳಿಯಾಡಲು ಇರುವ ಸೀಳುಗಳನ್ನು ನಿಜವಾಗಿ ಕೊರೆಯಲು ಹೋಗಬಾರದು. ತಗಡನ್ನು ಹಳೆಯ ಹವಾಯಿ ಚಪ್ಪಲಿಯ ಮೇಲೆ ಬೋರಲು ಹಾಕಿ, ಮೊನೆ ಮೊಂಡಾದ ಸ್ಕ್ರೂಡ್ರೈವರಿನಿಂದ ಗೆರೆಗೆ ಗೆರೆ ಒತ್ತುತ್ತ ಹೋದರೆ ಮುಂಬದಿಯಲ್ಲಿ ಸಾಲು ಉಬ್ಬುಗಳು ಏಳುತ್ತವೆ. ರಿವೆಟ್ಟುಗಳಿಗೆ ಮಕ್ಕಳ ಜ್ಯಾಮಿಟ್ರಿ ಪೆಟ್ಟಿಗೆಯ ಕೈವಾರದ ಮೊನೆ ಸಾಕು. ರೇಡಿಯೇಟರಿನ ಜಾಲರಿಯನ್ನು ಚಹಾ ಸೋಸುವ ಜರಡಿಯಿಂದ ಕತ್ತರಿಸಿಕೊಂಡೆ. ತೊಟ್ಟಿಯ ಹಲಗೆಗಳು ಬಡಗಿ ಬಿಸಾಡಿದ ಸಾಗುವಾನಿ ರೀಪಿನವು. ಅವುಗಳನ್ನು ಎರಡು ಮಿ.ಮೀ. ದಪ್ಪಕ್ಕೆ ಸೀಳಿ, ಒಂದೊಂದನ್ನೂ ತಂತಿಯ ಬ್ರಷ್ಷಿನಿಂದ ಉದ್ದಕ್ಕೆ ಉಜ್ಜಿದರೆ ಮರದ ಎಳೆ ಎದ್ದು ಹಳೆಯ ಲಾರಿಯ ಹಲಗೆಯ ನೋಟ ಬರುತ್ತದೆ. ಡ್ರೈವರನನ್ನು ಎದ್ದು ನಿಂತರೆ 75 ಮಿ.ಮೀ. ಎತ್ತರ ಬರುವ ಲೆಕ್ಕದಲ್ಲಿ ಮರದಲ್ಲಿ ಕೆತ್ತಿ ಕೂರಿಸಬಹುದು; ಅದಕ್ಕಿಂತ ಎತ್ತರವಾದರೆ ಛಾವಣಿಗೆ ತಲೆ ತಾಗುತ್ತದೆ. ತ್ರೀಡಿ ಮುದ್ರಣ ಯಂತ್ರ ಇದ್ದವರು ಇವೆಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಬಿಸಿಲಿಗಿಟ್ಟ ಗಾಡಿಗೆ ತಗಡೇ ಮೇಲು ಎಂಬ ಅಭಿಪ್ರಾಯವನ್ನು ನಾನು ಬಿಡಲಾರೆ.

ಹಳಿಯ ಹಾಸಿನ ಬಗ್ಗೆ ಒಂದೆರಡು ಮಾತು ಸಾಕು. ಜಂಬಿಟ್ಟಿಗೆಯ ಸಾಲಿನ ಮೇಲೆ ಸಣ್ಣ ಜಲ್ಲಿ ಹರಡಿದರೆ ನೀರು ನಿಲ್ಲುವುದಿಲ್ಲ. ಮರದ ಸ್ಲೀಪರುಗಳಿಗೆ ಹಳ್ಳಿಗಳಲ್ಲಿ ತೊಲೆಗಳಿಗೆ ಬಳಿಯುವ ಗೇರೆಣ್ಣೆಯನ್ನೇ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಕೈಗೆ ಹತ್ತಿಸಿಕೊಳ್ಳಬಾರದು, ಚರ್ಮ ಸುಡುತ್ತದೆ.

ಇಷ್ಟೆಲ್ಲ ಹೇಳಿದ್ದು ಸಾಮಾನು ಮತ್ತು ಕೆಲಸ ಇಲ್ಲಿಯೇ ಸಾಧ್ಯ ಎಂಬುದನ್ನು ತೋರಿಸಲು. ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಗೂಸ್ ಗಾಡಿಗಳ ಅಳತೆ ನಕ್ಷೆ ಬೇಕೆಂದರೆ ಅಲ್ಲಿಯ ಹವ್ಯಾಸಿಗಳ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ದೊರೆಯುತ್ತವೆ. ಸಾಗರದಲ್ಲಿ ಕೂತ ನನಗೆ ಕೊಲರಾಡೊದ ಗಾಡಿಯನ್ನು ಕಟ್ಟುವುದು ಮೈಸೂರಿನ ಆಸ್ಟಿನ್ನನ್ನು ಕಟ್ಟುವುದಕ್ಕಿಂತ ಸುಲಭ. ನಮ್ಮ ಗಾಡಿಗಳಿಗೆ ಸದ್ಯ ಇರುವ ದಾರಿ ಛಾಯಾಚಿತ್ರದಿಂದ ಅಳತೆ ತೆಗೆಯುವುದು. ಮೀಟರ್ ಗೇಜಿನ ಹಳಿಯ ಮೇಲೆ ನಿಂತ ಗಾಡಿಯ ಮುಂಭಾಗವನ್ನು ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ ಹಳಿಗಳ ಒಳ ಅಂಚುಗಳ ನಡುವೆ 80 ಮಿ.ಮೀ. ಇದ್ದು, ಬಾನೆಟ್ಟಿನ ಅಗಲ 56 ಮಿ.ಮೀ. ಇದ್ದರೆ ನಿಜದ ಅಗಲ 700 ಮಿ.ಮೀ. ಎಂದು ತ್ರೈರಾಶಿ ಹಾಕಬಹುದು. ಆದರೆ ಮೂರು ಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ, ಗಾಲಿಗಿಂತ ಅರ್ಧ ಮೀಟರ್ ಮುಂದೆ ಚಾಚಿದ ಭಾಗ ಶೇಕಡಾ 20ರಷ್ಟು ದೊಡ್ಡದಾಗಿ ಕಾಣುತ್ತದೆ. 15 ಮೀಟರ್ ಹಿಂದೆ ಸರಿದು ಜೂಮ್ ಮಾಡಿದರೆ ಆ ದೋಷ ಶೇಕಡಾ ಮೂರರ ಆಸುಪಾಸಿಗೆ ಇಳಿಯುತ್ತದೆ. ಮರ, ಕಂಬ, ಬೇಲಿ, ಸೆಲ್ಫಿ ತೆಗೆದುಕೊಳ್ಳುವ ಕುಟುಂಬಗಳ ನಡುವೆ 15 ಮೀಟರ್ ಹಿಂದೆ ಸರಿಯುವುದು ಎಷ್ಟು ಕಷ್ಟವೆಂದು ರಜಾದಿನದಲ್ಲಿ ಯಾವುದೇ ವಸ್ತುಸಂಗ್ರಹಾಲಯಕ್ಕೆ ಹೋದವರಿಗೆ ಗೊತ್ತು. ಗಾಡಿಯ ಒಡಲಿನ ಅಡಿಭಾಗವಂತೂ, ಅಂದರೆ ಅಚ್ಚು, ಬ್ರೇಕು, ಚಾಸಿಯ ಕಟ್ಟು, ಯಾವ ಚಿತ್ರದಲ್ಲೂ ಸಿಗುವುದಿಲ್ಲ.

ಆದ್ದರಿಂದ ತಮ್ಮ ಮೂಲಕ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇದು. ಮೈಸೂರು ಮತ್ತು ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯಗಳು ತಮ್ಮಲ್ಲಿರುವ ಸಣ್ಣ ವಾಹನಗಳ, ಅಂದರೆ ರೈಲ್ ಕಾರು, ತಪಾಸಣೆ ಟ್ರಾಲಿ, ನಾಲ್ಕು ಗಾಲಿಯ ಗೂಡ್ಸ್ ವ್ಯಾಗನ್ನುಗಳ ಅಳತೆ ನಕ್ಷೆಗಳನ್ನು ಮುದ್ರಣದ ಖರ್ಚಿಗೆ ಸಾರ್ವಜನಿಕರಿಗೆ ದೊರಕಿಸಬೇಕು. ಮೂಲ ನಕ್ಷೆ ಕಾರ್ಯಾಗಾರದ ಕಡತಗಳಲ್ಲಿ ಸಿಗದಿದ್ದರೆ ಹತ್ತಿರದ ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗಳಿಗೆ ಗಾಡಿಯನ್ನು ಅಳೆದು ನಕ್ಷೆ ಬರೆಯುವ ಕೆಲಸವನ್ನು ಪ್ರಾಜೆಕ್ಟಾಗಿ ಕೊಡಬಹುದು. ನೀರಿನ ಪಂಪಿನ ಅದೇ ಹಳೆಯ ನಕ್ಷೆಯನ್ನು ಬ್ಯಾಚಿನಿಂದ ಬ್ಯಾಚಿಗೆ ನಕಲು ಮಾಡುವುದಕ್ಕಿಂತ ಅವರಿಗೂ ಇದು ಹೆಚ್ಚಿನ ಕಲಿಕೆ. ಇದರಿಂದ ಲಾಭ ನಮ್ಮಂಥ ಹವ್ಯಾಸಿಗಳಿಗೆ ಮಾತ್ರವಲ್ಲ. ಬಯಲಿನಲ್ಲಿ ಬಿಸಿಲು ಮಳೆಗೆ ನಿಂತ ವಾಹನದ ಮರದ ಭಾಗಗಳು ಎಂದಾದರೂ ಹಾಳಾಗುವಂಥವೇ. ದುರಸ್ತಿ ಮಾಡುವ ದಿನ ಬಂದಾಗ, ಇದ್ದದ್ದು ಹೇಗಿತ್ತು ಎಂದು ಹೇಳುವ ಕಾಗದ ಸಂಗ್ರಹಾಲಯದ ಬಳಿಯೇ ಇರುತ್ತದೆ.

ತಾಳಗುಪ್ಪದ ರೈಲ್‌ಬಸ್ಸಿನ ವಿಷಯದಲ್ಲಿ ಇನ್ನೂ ಸರಳವಾದ ದಾರಿಯೊಂದಿದೆ. ಅದರಲ್ಲಿ ಓಡಾಡಿದವರು, ಅದನ್ನು ಓಡಿಸಿದವರು, ರಿಪೇರಿ ಮಾಡಿದವರು ಶಿವಮೊಗ್ಗ, ಆನಂದಪುರ, ಸಾಗರಗಳಲ್ಲಿ ಈಗಲೂ ಇದ್ದಾರೆ. ಅವರ ಮನೆಗಳ ಆಲ್ಬಮ್ಮುಗಳಲ್ಲಿ ಗಾಡಿಯ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಚಿತ್ರಗಳಿರುವ ಸಾಧ್ಯತೆ ಇದೆ. ಪಕ್ಕದಲ್ಲಿ ನಿಂತವರ ಎತ್ತರ ಗೊತ್ತಿದ್ದರೆ ಅದೇ ಅಳತೆಗೋಲಾಗುತ್ತದೆ. ಪುರವಣಿಯ ಒಂದು ಪುಟವನ್ನು ಇಂಥ ಚಿತ್ರಗಳಿಗೆ ಮೀಸಲಿಟ್ಟು ಓದುಗರನ್ನು ಆಹ್ವಾನಿಸಬೇಕೆಂದು ಕೋರುತ್ತೇನೆ. ಗಾಡಿಯ ಪಕ್ಕದ ನೋಟ ಪೂರ್ತಿಯಾಗಿ ಕಾಣುವ ಚಿತ್ರಗಳಿಗೆ ಆದ್ಯತೆ ಇರಲಿ. ಮುಖ ಮಾತ್ರ ಕಾಣುವವು ಸಾಕಷ್ಟು ಇವೆ.

ಆಸ್ಟಿನ್ ಗಾಡಿಯನ್ನು ಯಾರಾದರೂ ಓದುಗರು ಅನುಮತಿ ಪಡೆದು ಟೇಪ್ ಹಿಡಿದು ಅಳೆದಿದ್ದರೆ ದಯವಿಟ್ಟು ಈ ಅಂಕಣದಲ್ಲೇ ತಿಳಿಸಲಿ. ನನಗೆ ತುರ್ತಾಗಿ ಬೇಕಿರುವುದು ಎರಡೇ ಅಂಕಿ: ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಇರುವ ದೂರ, ಮತ್ತು ಹಳಿಯ ಮೇಲ್ಮೈಯಿಂದ ಬಾನೆಟ್ಟಿನ ನೆತ್ತಿಗೆ ಇರುವ ಎತ್ತರ.

ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ